ಹೊಂಡದ ನೀರು, ಪಾಪಯ್ಯ ಮಾವನ ಉಂಡೆ

ನಮ್ಮೂರಿನಲ್ಲಿ ಜಗಳ ತೀರ್ಮಾನ ಮಾಡುವುದು ಮೀನುಗಳು. ದೂರು ಕೊಟ್ಟವರು ಹೊಂಡದ ಪೂರ್ವದ ಮೆಟ್ಟಿಲಿಂದ, ಎದುರಾಳಿ ಪಶ್ಚಿಮದ ಮೆಟ್ಟಿಲಿಂದ ಮೊಣಕಾಲುದ್ದ ನೀರಿಗೆ ಇಳಿದು, ಎರಡೂ ಅಂಗೈಗಳನ್ನು ನೀರೊಳಗೆ ಬಿಚ್ಚಿ ಹಿಡಿದು ನಿಲ್ಲಬೇಕು. ತಮ್ಮ ಬೇಡಿಕೆಯನ್ನು ಒಂದೇ ಒಂದು ಮಾತಿನಲ್ಲಿ ಹೇಳಬೇಕು. ಆಮೇಲೆ ಹೊಂಡದ ಮೀನುಗಳೆಲ್ಲ, ತೊಡೆಗಾತ್ರದ ಗೆಂಡೆಗಳಿಂದ ಹಿಡಿದು ಬೆರಳುದ್ದದ ಮರಿಗಳವರೆಗೆ, ಯಾರು ಸರಿಯೋ ಅವರ ಮುಂದೆ ಹೋಗಿ ಸಾಲಾಗಿ ನಿಲ್ಲುತ್ತವೆ. ಶಾಲೆಯ ಪ್ರಾರ್ಥನೆಗೆ ಮಕ್ಕಳು ನಿಂತ ಹಾಗೆ, ಗಿಡ್ಡವು ಮುಂದೆ, ಉದ್ದವು ಹಿಂದೆ. ಹೊಂಡದ ಕೂಗುಗಾರ ಮರಿಬಸಪ್ಪ ‘ಆಯ್ತು’ ಎನ್ನುವವರೆಗೆ ಅವು ಅಲ್ಲಿಂದ ಕದಲುವುದಿಲ್ಲ. ಅವನು ಹಾಗೆ ಅನ್ನುವ ಮೊದಲು ಗೆದ್ದವರು ತಮ್ಮ ಬೇಡಿಕೆಯನ್ನು ಮತ್ತೊಮ್ಮೆ ಹೇಳಬೇಕು. ಹೇಳಿದ್ದೇ ಕಾನೂನು.

ಇದಕ್ಕೆ ಜನ ಯಾವತ್ತೋ ಹೊಂದಿಕೊಂಡಿದ್ದಾರೆ. ದರ್ಜಿಗಳು ಪ್ಯಾಂಟು ಹೊಲಿಯುವಾಗ ಮೊಣಕಾಲಿನ ಮೇಲಕ್ಕೆ ಮಡಚಲು ಬರುತ್ತದೆಯೇ ಎಂದು ಒಮ್ಮೆ ಮಡಚಿ ನೋಡಿಯೇ ಕೊಡುತ್ತಾರೆ. ಅಂಗೈಗೆ ವಾಸನೆ ಅಂಟಿದರೆ ಮೀನು ಹತ್ತಿರ ಬರುವುದಿಲ್ಲವೆಂದು ಘಮಘಮ ಸೋಪುಗಳು ನಮ್ಮ ಅಂಗಡಿಗಳಲ್ಲಿ ಮಾರಾಟವಾಗುವುದಿಲ್ಲ. ಹಳೆಯ ಕೋರ್ಟಿನ ಮಹಡಿಯ ಮೇಲೆ ಹೆಂಗಸರು ಹಪ್ಪಳ, ಸಂಡಿಗೆ ಒಣಗಿಸುತ್ತಾರೆ. ಅಲ್ಲಿನ ಬೆಂಚುಗಳು ಮದುವೆ ಮನೆಗಳಿಗೆ ಬಾಡಿಗೆಗೆ ಹೋಗುತ್ತವೆ. ನಮ್ಮ ಬೀದಿಯ ಮುದುಕರೊಬ್ಬರು, ತಾವು ಗೊರಕೆ ಹೊಡೆಯುವುದಿಲ್ಲ ಎಂದು ಹೆಂಡತಿಯ ಮೇಲೆ ಪದೇ ಪದೇ ದೂರು ತರುತ್ತಿದ್ದರು. ಪ್ರತಿಸಲವೂ ಮೀನುಗಳು ಅಜ್ಜಿಯ ಮುಂದೆ ಹೋಗಿ ನಿಲ್ಲುತ್ತಿದ್ದವು. “ಬಿಟ್ಟುಬಿಡಿ ತಾತ” ಎಂದರೆ, “ಈ ಸಲ ಹೊಸ ಮರಿಗಳಿವೆ ಕಣಮ್ಮ, ಅವಕ್ಕೆ ನನ್ನ ವಿಷಯ ಗೊತ್ತಿಲ್ಲ” ಎನ್ನುತ್ತಿದ್ದರು.

ಆ ಹೊಂಡದ ನೀರು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಹಗಲು ಹಿಟ್ಟಿನ ಗಿರಣಿಯಲ್ಲಿ ದುಡಿದು, ಸಂಜೆ ತರಗತಿಯಲ್ಲಿ ಜಲಶುದ್ಧಿ ಎಂಬ ಕೋರ್ಸು ಓದಿ ಪಾಸಾದವಳು ನಾನು. ಆದರೆ ಸಂದರ್ಶನದ ದಿನ ಪುರಸಭೆಯ ಅಧ್ಯಕ್ಷೆ ನೀಲವೇಣಮ್ಮ ನನ್ನ ಸರ್ಟಿಫಿಕೇಟನ್ನು ತೆರೆದೂ ನೋಡದೆ, “ಜಲಜಾಕ್ಷಿ! ಹೆಸರಲ್ಲೇ ನೀರಿದೆಯಲ್ಲಮ್ಮ” ಎಂದು ಕೆಲಸ ಕೊಟ್ಟುಬಿಟ್ಟರು. ಕೆಲಸ ನನಗೆ ಸಿಕ್ಕಿದ್ದೋ ನನ್ನ ಹೆಸರಿಗೆ ಸಿಕ್ಕಿದ್ದೋ ಎಂಬ ಅನುಮಾನ ನನಗೆ ಇನ್ನೂ ಹೋಗಿಲ್ಲ. ಇನ್ನೊಂದು ಅನುಮಾನವೂ ಇದೆ. ತರಗತಿ ನಡೆಯುವ ಹೊತ್ತಿಗೆ ಸರಿಯಾಗಿ ಆ ಬೀದಿಯ ಕರೆಂಟ್ ಹೋಗುತ್ತಿತ್ತು. ಮುನವ್ವರ್ ಮೇಷ್ಟ್ರು ಕತ್ತಲಲ್ಲೇ ಪಾಠ ಮುಂದುವರಿಸುತ್ತಿದ್ದರು, ನಾನು ಕತ್ತಲಲ್ಲೇ ಬರೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ನೋಡಿದರೆ ಸಾಲಿನ ಮೇಲೆ ಸಾಲು ಕೂತಿರುತ್ತಿತ್ತು. ಹಸಿರು ನೀರಿನ ಪಾಠವಂತೂ ನನ್ನ ಪಾಲಿಗೆ ‘ನೀರು ಹಸಿರಾಗಿದ್ದರೆ ಹೆದರಬೇಡಿ, ಆದರೆ’ ಎಂಬಲ್ಲಿಗೆ ಮುಗಿದುಹೋಗಿದೆ. ಆ ‘ಆದರೆ’ಯ ಮುಂದೆ ಏನಿತ್ತೋ ಎಂದು ನಾನು ಪಟ್ಟ ಚಿಂತೆ ನನಗೇ ಗೊತ್ತು. ಮೇಷ್ಟ್ರನ್ನು ಕೇಳೋಣವೆಂದರೆ ಅವರು ಊರು ಬಿಟ್ಟು ಹೋಗಿದ್ದರು.

ಗೊತ್ತಿದ್ದಷ್ಟನ್ನು ತಪ್ಪಿಲ್ಲದೆ ಮಾಡುತ್ತಿದ್ದೆ. ಬೆಳಿಗ್ಗೆ ಬಲೆಯಿಂದ ಎಲೆ, ಹೂವು, ಬೀಡಿ ತುಂಡು ಎತ್ತುವುದು. ಮೊಣಕೈವರೆಗೆ ತೋಳನ್ನು ನೀರಿನಲ್ಲಿ ಇಳಿಬಿಟ್ಟು ಅಂಗೈ ಕಾಣುತ್ತದೆಯೇ ನೋಡುವುದು. ಮಸುಕಾಗಿ ಕಂಡರೆ ಸರಿ, ಕಾಣದೇ ಹೋದರೆ ನೀರಿಗೆ ಅಜೀರ್ಣವಾಗಿದೆ ಎಂದು ಅರ್ಥ. ತಳದ ಕೆಸರನ್ನು ಬೆರಳಲ್ಲಿ ತೆಗೆದು ಮೂಸುವುದು. ಕಾಲುವೆಯ ನೀರು ನಮ್ಮೂರಿಗೆ ವಾರಕ್ಕೊಂದು ಬೆಳಿಗ್ಗೆ ಬರುತ್ತದೆ. ಆ ಹೊತ್ತಿಗೆ ಪಶ್ಚಿಮದ ತೂಬಿನಿಂದ ತಳದ ಹಳೇ ನೀರನ್ನು ಸ್ವಲ್ಪ ಹೊರಗೆ ಬಿಟ್ಟು, ಪೂರ್ವದ ತೂಬಿನಿಂದ ಹೊಸ ನೀರನ್ನು ಸ್ವಲ್ಪ ಒಳಗೆ ಬಿಡುವುದು. ಹೊಂಡ ನೋಡಿಕೊಳ್ಳುವವರು ಮೀನಿಗೆ ಒಂದು ಅಗುಳನ್ನೂ ಹಾಕಕೂಡದು, ಪಕ್ಷಪಾತ ಬರುತ್ತದಂತೆ. ನಾನು ಊಟ ಮಾಡಿದ ಮೇಲೆ ಕೈ ಸರಿಯಾಗಿ ತೊಳೆದೆನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಮೂಸಿಕೊಳ್ಳುತ್ತಾ ಹೋಗುತ್ತಿದ್ದೆ.

ಹೀಗೆ ನಾನು ಕೈ ತೊಳೆಯುತ್ತಿದ್ದರೆ ಊರೆಲ್ಲ ಹೊಂಡಕ್ಕೆ ಉಂಡೆ ಹಾಕುತ್ತಿತ್ತು. ಉಂಡೆ ಮಾರುತ್ತಿದ್ದವರು ಬೇರೆ ಯಾರೂ ಅಲ್ಲ, ನನ್ನ ಅಮ್ಮನ ತಮ್ಮ, ಲಾಯರ್ ಪಾಪಯ್ಯ ಮಾವ. ಕೋರ್ಟು ಮುಚ್ಚಿದಾಗ ಉಳಿದ ವಕೀಲರೆಲ್ಲ ಬೇರೆ ಊರು ಹಿಡಿದರು. ಮಾವ ಮಾತ್ರ ಹೊಂಡದ ಮೇಲಿನ ಮೆಟ್ಟಿಲಲ್ಲಿ ಕೊಡೆ ನೆಟ್ಟು, ಕಪ್ಪು ಕೋಟು ಹಾಕಿಕೊಂಡು ಕೂತರು. ಕಡಲೆಕಾಯಿ ಹಿಂಡಿ, ಅಕ್ಕಿ ತೌಡು, ಬೆಲ್ಲ ಕಲಸಿ ಕಟ್ಟಿದ ಉಂಡೆಗಳನ್ನು ಹರಿವಾಣದಲ್ಲಿ ಜೋಡಿಸಿ, ಬೇಲಿ ಉಂಡೆ, ಆಸ್ತಿ ಉಂಡೆ, ಸೊಸೆ ಉಂಡೆ ಎಂದು ಹೆಸರಿಟ್ಟರು. ಹಿಟ್ಟು ಒಂದೇ, ಗಾತ್ರ ಬೇರೆ. ತೀರ ಕಷ್ಟದ ವ್ಯಾಜ್ಯಕ್ಕೆ ತುಪ್ಪದ್ದು. ಕೊಳ್ಳಲು ಬಂದವರನ್ನು ‘ಕಕ್ಷಿದಾರರೇ’ ಎಂದು ಕರೆದು ಕೂರಿಸಿ ವಿವರ ಕೇಳುತ್ತಿದ್ದರು. ಮೊದಲೇ ಉಂಡೆ ಹಾಕಿ ಪರಿಚಯ ಮಾಡಿಕೊಂಡರೆ ಮೀನು ಕೈಬಿಡುವುದಿಲ್ಲ ಎಂಬುದು ಊರಿನ ನಂಬಿಕೆ. ಉಂಡೆ ಹಾಕಿ ಸೋತವರೂ ಬೇಕಾದಷ್ಟಿದ್ದರು. ಅವರು ಮಾತ್ರ “ಎದುರಿನವನು ನನಗಿಂತ ದಪ್ಪನೆಯದು ಹಾಕಿರಬೇಕು” ಎಂದುಕೊಂಡು ಮುಂದಿನ ಸಲ ತುಪ್ಪದ್ದನ್ನೇ ಕೇಳುತ್ತಿದ್ದರು. ಹಾಗಾಗಿ ಯಾರು ಸೋತರೂ ಮಾವನ ವ್ಯಾಪಾರ ಗೆಲ್ಲುತ್ತಿತ್ತು.

ಆ ಬೇಸಿಗೆಯಲ್ಲಿ ಊರಿಗೆ ಅದೇನು ಗ್ರಹಚಾರವೋ, ಜಗಳಗಳು ವಿಪರೀತವಾದವು. ಉಂಡೆಗಳು ಬೆಳಿಗ್ಗೆ ಬಿದ್ದವು, ಸಂಜೆ ಬಿದ್ದವು, ಮೀನು ತಿಂದು ಸಾಕೆಂದು ಹೋದ ಮೇಲೂ ಬಿದ್ದವು. ತಿನ್ನದೆ ಬಿಟ್ಟದ್ದು ತಳದಲ್ಲಿ ಕೂತು ಕೊಳೆಯಿತು. ನೀರು ಮೊದಲು ಹಸಿರಾಯಿತು, ಆಮೇಲೆ ಬಟಾಣಿ ಸಾರಿನಷ್ಟು ಮಂದವಾಯಿತು. ತೋಳು ಇಳಿಬಿಟ್ಟರೆ ಅಂಗೈ ಇರಲಿ, ನನ್ನ ಬಳೆಯೇ ಕಾಣಲಿಲ್ಲ. ಕೆಸರು ಮೂಸಿದರೆ ಕೆಟ್ಟ ಮೊಟ್ಟೆಯ ವಾಸನೆ. ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಬಂದು ನೋಡುತ್ತೇನೆ, ಹೊಂಡದ ತುಂಬ ಬಾಯಿಗಳು. ಮೀನುಗಳೆಲ್ಲ ಮೇಲೆ ಬಂದು, ಮೂತಿಯನ್ನು ನೀರಿನಿಂದ ಹೊರಗೆ ಚಾಚಿ, ಗುಂಡಗೆ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಸಣ್ಣಗೆ ಚಪ್ ಚಪ್ ಎಂಬ ಸದ್ದು. ಮೋಡದ ದಿನದ ಮಾರನೆಯ ಬೆಳಿಗ್ಗೆ ಮಂದವಾದ ನೀರಿನಲ್ಲಿ ಉಸಿರು ತೀರ ಕಡಿಮೆ ಇರುತ್ತದೆ ಎಂಬ ಪಾಠ ನಡೆದ ಸಂಜೆ ಅದೃಷ್ಟಕ್ಕೆ ಕರೆಂಟ್ ಇತ್ತು.

ಹೂವಿನ ಅಂಗಡಿಯಾಕೆ ಬುಟ್ಟಿ ಇಳಿಸಿ ನನ್ನ ಪಕ್ಕ ನಿಂತಳು. “ಅಯ್ಯೋ, ಹೆಂಗೆ ಬಾಯಿ ಬಾಯಿ ಬಿಡ್ತಾವೆ ನೋಡಕ್ಕ. ಹೊಟ್ಟೆ ಹಸಿದೈತೆ ಪಾಪ.”

“ಹಸಿವಲ್ಲ ಕಣೇ, ಉಸಿರು ಕಟ್ಟಿದೆ. ತಿಂದು ತಿಂದೇ ಹೀಗಾಗಿರೋದು.”

“ತಿಂದಿದ್ರೆ ಯಾಕೆ ಬಾಯಿ ಬಿಡ್ತಿದ್ವು? ನಮ್ಮನೆ ಕೂಸೂ ಹಿಂಗೇ ಬಿಡೋದು” ಎಂದವಳೇ ಸೆರಗಿನ ಗಂಟಿನಿಂದ ಒಂದು ಸೊಸೆ ಉಂಡೆ ತೆಗೆದು ಎಸೆದೇಬಿಟ್ಟಳು.

ಸುದ್ದಿ ಹಬ್ಬಿತು. ಜನ ಮಕ್ಕಳು ಮರಿ ಕಟ್ಟಿಕೊಂಡು ಬೆಳ್ಳಂಬೆಳಿಗ್ಗೆ ಬಾಯಿ ನೋಡಲು ಬರತೊಡಗಿದರು. ಕೆಲವರು ಮೀನುಗಳು ಮಾತು ಕಲಿಯುತ್ತಿವೆ ಎಂದರು. ಇನ್ನು ಕೆಲವರು ಅವು ತಮ್ಮ ಹೆಸರನ್ನೇ ಹೇಳುತ್ತಿವೆ ಎಂದು ಕಿವಿಗೆ ಕೈ ಹಚ್ಚಿ ಕೇಳಿದರು. ಯಾರೋ ಕಾಫಿಯ ತಳ್ಳುಗಾಡಿ ತಂದು ನಿಲ್ಲಿಸಿದರು. ನಾನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಾಡುತ್ತಾ, “ಹಾಕಬೇಡಿ, ದಯವಿಟ್ಟು ಹಾಕಬೇಡಿ” ಎಂದು ಬೇಡಿಕೊಂಡೆ. ನಾನು ಈ ಮೂಲೆಯಲ್ಲಿರುವಾಗ ಆ ಮೂಲೆಯಲ್ಲಿ ಬುಳಕ್ ಎನ್ನುತ್ತಿತ್ತು. ಒಂದು ಗೆಂಡೆ ಪಕ್ಕಕ್ಕೆ ವಾಲಿಕೊಂಡು ತೇಲುವುದನ್ನು ಕಂಡಾಗ ಮಾತ್ರ ನಾನು ಬಲೆ ಕೆಳಗಿಟ್ಟು ಸೀದಾ ಪುರಸಭೆಗೆ ನಡೆದೆ.

ನೀಲವೇಣಮ್ಮ ನನ್ನ ಮಾತು ಮುಗಿಯುವ ಮೊದಲೇ, “ನಾನೇ ಹೇಳಿ ಕಳಿಸೋಣ ಅಂತಿದ್ದೆ ಕಣಮ್ಮ. ನೀರು ಬಲು ಗಲೀಜಾಗಿದೆ. ಒಂದು ಕೆಲಸ ಮಾಡು. ಪೂರ್ತಿ ಖಾಲಿ ಮಾಡಿಸು, ಮೆಟ್ಟಿಲಿಗೆಲ್ಲ ಸೋಪು ಹಾಕಿ ತಿಕ್ಕಿಸು, ಮೇಲೊಂದಿಷ್ಟು ಬ್ಲೀಚಿಂಗ್ ಪೌಡರ್ ಚೆಲ್ಲು. ನಲ್ಲಿ ನೀರು ಬಿಟ್ಟು ತುಂಬಿಸು. ನಮ್ಮನೆ ಸ್ಟೀಲ್ ಲೋಟದ ನೀರಿನ ಥರ ತಳ ಕಾಣಬೇಕು” ಎಂದರು.

“ಮೀನುಗಳು, ಅಮ್ಮ?”

“ಬಕೆಟ್ಟಲ್ಲಿ ಹಾಕಿಡು. ಎಷ್ಟೊತ್ತಿನ ಕೆಲಸ?”

“ಹಾಗೆ ಮಾಡಿದರೆ ಒಂದೂ ಉಳಿಯಲ್ಲಮ್ಮ. ನಲ್ಲಿ ನೀರಲ್ಲಿರೋ ಔಷಧಿ ಮೀನಿಗೆ ವಿಷ. ಮೆಟ್ಟಿಲ ಮೇಲಿನ ಲೋಳೆ ಇದೆಯಲ್ಲ, ಕೊಳೆ ಅಲ್ಲ ಅದು, ನೀರಿನ ಕೊಳೆ ತಿಂದು ಬದುಕೋದು ಅದೇ. ತಿಕ್ಕಿದರೆ ನೀರನ್ನ ಶುದ್ಧ ಮಾಡೋರೇ ಇರಲ್ಲ. ಸ್ವಲ್ಪ ಸ್ವಲ್ಪ ಹೊಸ ನೀರು ಬಿಡಬೇಕು. ಮೊದಲು ಉಂಡೆ ನಿಲ್ಲಬೇಕು.”

“ಲೋಳೆ ಶುದ್ಧ ಮಾಡುತ್ತೆ, ಸೋಪು ಕೊಲ್ಲುತ್ತೆ” ಎಂದು ನೀಲವೇಣಮ್ಮ ನಿಧಾನವಾಗಿ ಹೇಳಿಕೊಂಡರು. “ಇದ್ಯಾವ ತರಗತಿಯಮ್ಮ ನೀನು ಓದಿದ್ದು?”

ಆ ಕ್ಷಣ ನನಗೂ ಅದೇ ಪ್ರಶ್ನೆ ಎದ್ದಿತು. ನಾನು ಬರೆದುಕೊಂಡದ್ದರಲ್ಲಿ ಲೋಳೆಯೂ ಸೋಪೂ ಒಂದರ ಮೇಲೊಂದು ಬಿದ್ದು ಅದಲು ಬದಲಾಗಿದ್ದರೆ? ಆದರೂ ಆ ವಾಲಿಕೊಂಡ ಗೆಂಡೆ ಕಣ್ಣೆದುರಿಗೆ ಬಂದು, “ಉಂಡೆ ನಿಲ್ಲದಿದ್ದರೆ ಈ ವಾರದಲ್ಲಿ ಹೊಂಡ ಸಾಯುತ್ತೆ” ಎಂದುಬಿಟ್ಟೆ.

“ಉಂಡೆ ನಿಲ್ಲಿಸು ಅಂತ ನಾನು ಹೇಗೆ ಹೇಳಲಿ? ಕಾಂಪೌಂಡ್ ಗೋಡೆ ವಿಷಯದಲ್ಲಿ ನನ್ನ ನಾದಿನಿ ಮೇಲೆ ನಂದೇ ಒಂದು ದೂರಿದೆ, ನಾನೇ ದಿನಾ ತುಪ್ಪದ್ದು ಹಾಕಿಸ್ತಿದೀನಿ. ನೀನು ಬೇಡ ಅಂತೀಯ, ನಿಮ್ಮ ಮಾವ ಬೇಕು ಅಂತಾರೆ. ನಾಳೆ ಬೆಳಿಗ್ಗೆ ಇಬ್ಬರೂ ಹೊಂಡಕ್ಕೆ ಇಳೀರಿ. ಮೀನುಗಳೇ ಹೇಳಲಿ.” ಆಮೇಲೆ ಸ್ವಲ್ಪ ದನಿ ತಗ್ಗಿಸಿ, “ಗೊತ್ತಲ್ಲ? ಹೊಂಡ ನೋಡ್ಕೊಳ್ಳೋರು ತಾವೇ ದೂರು ತಂದು ಸೋತರೆ, ಬಲೆ, ಕೆಲಸ ಎರಡೂ ಗೆದ್ದವರಿಗೆ ಹೋಗುತ್ತೆ” ಎಂದರು.

ತಿನ್ನಿಸುವುದು ಬೇಕೋ ಬೇಡವೋ ಎಂದು ತಿನ್ನುವವರನ್ನೇ ಕೇಳುವುದು ಎಂಥ ನ್ಯಾಯ ಎಂದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಅಷ್ಟರಲ್ಲಿ ಮರಿಬಸಪ್ಪ ಊರೆಲ್ಲ ಕೂಗಿ ಮುಗಿಸಿದ್ದ. ಅಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ, “ಸ್ವಂತ ಸೋದರಮಾವನ ಎದುರಿಗೆ ಸೀರೆ ಎತ್ತಿಕಟ್ಟಿ ನಿಲ್ತೀಯೇನೇ?” ಎಂದಳು. ನಾನು ಏನೂ ಹೇಳುವ ಮೊದಲೇ ಮಾವ ಎಂದಿನಂತೆ ಸಂಜೆಯ ಕಾಫಿಗೆ ಬಾಗಿಲಲ್ಲಿ ಕಾಣಿಸಿಕೊಂಡರು.

“ಅಕ್ಕಾ, ಕಾಫಿ. ಎಲ್ಲಿ ನಮ್ಮ ಎದುರು ಪಕ್ಷದೋಳು?” ಎಂದು ಕೋಟು ಬಿಚ್ಚಿ ಮೊಳೆಗೆ ಹಾಕಿ ಕೂತರು. “ಜಲಜಾ, ಕೈ ತೋರಿಸು. ಹಾಗಲ್ಲ, ನೀರೊಳಗೆ ಹಿಡಿಯೋ ಹಾಗೆ. ನೋಡು, ಬೆರಳು ನಡುಗ್ತಿವೆ. ನಡುಗಬಾರದು. ಬೇಡಿಕೆ ಹೇಳೋವಾಗ ಅಳೋ ದನಿ ಬೇಡ, ನಿಂಗೆ ಅದು ಜಾಸ್ತಿ.”

“ಮಾವ, ನಾಳೆ ನಿಮ್ಮ ವಿರುದ್ಧವೇ ನಾನು ನಿಲ್ತಿರೋದು.”

“ಅದಕ್ಕೇನಂತೆ? ನಿಂಗೆ ಬೇರೆ ವಕೀಲರು ಯಾರಿದ್ದಾರೆ ಈ ಊರಲ್ಲಿ? ತಗೋ, ಇದನ್ನ ರವಿಕೆ ತೋಳಲ್ಲಿ ಸಿಕ್ಕಿಸ್ಕೋ” ಎಂದು ಒಂದು ತುಪ್ಪದ ಉಂಡೆಯನ್ನು ನನ್ನತ್ತ ಚಾಚಿದರು. ಉಂಡೆಯ ವಿರುದ್ಧದ ದೂರಿಗೂ ಉಂಡೆಯನ್ನೇ ಕೊಡುವ ಅವರ ಮುಖದಲ್ಲಿ ಒಂದಿಷ್ಟೂ ಕುಹಕ ಇರಲಿಲ್ಲ. ನಾನು ಬೇಡವೆಂದೆ. ಅವರು ನಿಜವಾಗಿ ನೊಂದುಕೊಂಡು ಅದನ್ನು ಮತ್ತೆ ಕಾಗದದಲ್ಲಿ ಸುತ್ತಿದರು.

“ಮಾವ, ಒಂದು ಸಲ ನೀರಿಗಿಳಿದು ನೋಡಿ. ಅವು ಉಸಿರಿಗೆ ಒದ್ದಾಡ್ತಿವೆ.”

“ನೋಡಮ್ಮ, ನಾನೂ ಮೀನಿಗೆ ಕೆಟ್ಟದ್ದು ಬಯಸೋನಲ್ಲ. ನನ್ನ ಉಂಡೆ ತಿಂದು ಬೆಳೆದವು ಅವು. ಮಕ್ಕಳಿದ್ದ ಹಾಗೆ” ಎಂದು ಕಾಫಿಯ ಲೋಟ ಕೆಳಗಿಟ್ಟರು. “ಆದರೆ ಅದೂ ಇಲ್ಲ ಅಂದರೆ ನಾನು ಆ ಮೆಟ್ಟಿಲ ಮೇಲೆ ಏನಂತ ಕೂತ್ಕೊಳ್ಳಲಿ? ಆ ಉಂಡೆ ನೆಪದಲ್ಲಿ ಜನ ಬಂದು ತಮ್ಮ ಕೇಸು ಹೇಳ್ತಾರೆ. ನಾನು ಕೇಳ್ತೀನಿ. ಅಷ್ಟೇ ಈಗ ನನ್ನ ವಕೀಲಿಕೆ.” ಅಮ್ಮ ತಟ್ಟುವುದನ್ನು ನಿಲ್ಲಿಸಿ ತಮ್ಮನನ್ನು ನೋಡಿದಳು.

ಮಾರನೆಯ ಬೆಳಿಗ್ಗೆ ಇನ್ನೊಂದು ಪೇಚು ಕಾದಿತ್ತು. ಅದು ಕಾಲುವೆಯ ನೀರು ಬರುವ ದಿನವಾಗಿತ್ತು. ನೀಲವೇಣಮ್ಮ ಅದನ್ನು ಯೋಚಿಸದೆ ದಿನ ಇಟ್ಟಿದ್ದರು. ಹೆದರಿಕೆಯಲ್ಲಿ ನಾನೂ ಮರೆತಿದ್ದೆ. ಹಿಂದಿನ ದಿನವೆಲ್ಲ ಮೋಡ ಮುಚ್ಚಿತ್ತು. ಬಾಯಿಗಳು ಎಂದಿಗಿಂತ ನಿಧಾನವಾಗಿ ತೆರೆದು ಮುಚ್ಚುತ್ತಿದ್ದವು. ವಾಲಿಕೊಂಡವು ಈಗ ಒಂದಲ್ಲ, ಹಲವು. ಪೂರ್ವದ ತೂಬನ್ನು ಆ ಕೂಡಲೇ ತೆಗೆಯಬೇಕು, ಇನ್ನೊಂದಷ್ಟು ಹೊತ್ತು ಕಾದರೆ ಮುಗಿಯಿತು. ಆದರೆ ದೂರು ತಂದವಳು ನಾನು. ಪೂರ್ವದಲ್ಲಿ ನಿಲ್ಲಬೇಕಾದವಳೂ ನಾನೇ. ತೂಬು ತೆಗೆದರೆ ಉಸಿರಿಲ್ಲದ ಮೀನುಗಳೆಲ್ಲ ಹೊಸ ನೀರು ಬೀಳುವಲ್ಲಿಗೆ, ಅಂದರೆ ನನ್ನ ಕಾಲ ಬುಡಕ್ಕೆ ಬಂದು ಸೇರುತ್ತವೆ. ನಾನು ಗೆಲ್ಲುತ್ತೇನೆ. ಅದು ಮೋಸ. ತೆಗೆಯದಿದ್ದರೆ ಪ್ರಾಮಾಣಿಕವಾಗಿ ನಿಂತು ಮೀನುಗಳನ್ನು ಕೊಂದ ಹಾಗೆ. ತೂಬಿನ ಹಿಡಿಯ ಮೇಲೆ ಕೈಯಿಟ್ಟು ನಾನು ಬೆವರಿದೆ. ಅದು ಮೋಸ ಹೌದೋ ಅಲ್ಲವೋ ಎಂದು ಯೋಚಿಸುವುದೇ ಒಂದು ನೆಪವಿರಬಹುದೇ ಎಂದೂ ಅನಿಸಿತು. ಕೊನೆಗೆ ಜನರ ನಡುವೆ ನುಗ್ಗಿ ಮಾವನ ಬಳಿ ಹೋದೆ. ಅವರು ಮೇಲಿನ ಮೆಟ್ಟಿಲಲ್ಲಿ ಪಂಚೆ ಎತ್ತಿಕಟ್ಟುತ್ತಿದ್ದರು.

“ಮಾವ, ನೀವು ಪೂರ್ವದಲ್ಲಿ ನಿಂತ್ಕೊಳ್ಳಿ. ನಾನು ಪಶ್ಚಿಮಕ್ಕೆ ಹೋಗ್ತೀನಿ.”

“ಯಾಕೆ?”

“ತೂಬು ತೆಗೀಲೇಬೇಕು. ನೀರು ಬೀಳೋ ಕಡೆಗೇ ಮೀನು ಬರೋದು.”

ಅವರು ಪಂಚೆಯ ತುದಿ ಹಿಡಿದುಕೊಂಡೇ ನನ್ನನ್ನು ದಿಟ್ಟಿಸಿದರು. “ಹಾಗಾದರೆ ನೀನು ಸೋಲ್ತೀಯ ಕಣೇ.”

“ಹೂಂ.”

“ಬಲೆ ಹೋಗುತ್ತೆ.”

“ಗೊತ್ತು ಮಾವ. ಬೇಗ ಬನ್ನಿ, ಹೊತ್ತಿಲ್ಲ.”

ಅವರು ಅತ್ತ ಇತ್ತ ನೋಡಿ ನನ್ನ ಕಿವಿಯ ಹತ್ತಿರ ಬಗ್ಗಿದರು. “ಎದುರಾಳಿಗೆ ಅನುಕೂಲ ಆಗೋ ಸಾಕ್ಷ್ಯವನ್ನ ನೀನಾಗಿ ಹೋಗಿ ಕೊಡಬಾರದು. ಇದನ್ನ ಇನ್ನು ಯಾರ ಹತ್ತಿರವೂ ಹೇಳಬೇಡ. ಮಾನ ಹೋಗುತ್ತೆ” ಎಂದರು. ಆದರೂ ಪೂರ್ವದ ಕಡೆಗೇ ನಡೆದರು. ಮರಿಬಸಪ್ಪ, “ಹಿಂದೆಂದೂ ಹಿಂಗಾಗಿಲ್ಲ, ದಿಕ್ಕು ಬದಲಾಯ್ಸಂಗಿಲ್ಲ” ಎಂದು ತಕರಾರು ತೆಗೆದ. ಮಾವ, “ದಿಕ್ಕು ಬದಲಾಯಿಸಬಾರದು ಅಂತ ಎಲ್ಲಿ ಹೇಳಿದೆ, ತೋರ್ಸು” ಎಂದರು. ಅವನಿಗೆ ತೋರಿಸಲು ಏನೂ ಇರಲಿಲ್ಲ.

ನಾನು ತೂಬು ತೆಗೆದು, ಓಡಿ ಬಂದು ಪಶ್ಚಿಮದಲ್ಲಿ ಇಳಿದೆ. ನೀರು ಬಿಸಿಯಾಗಿತ್ತು, ಅಂಟಂಟಾಗಿತ್ತು. “ಉಂಡೆ ಹಾಕುವುದು ನಿಲ್ಲಬೇಕು” ಎಂದೆ. ದನಿ ಅಳುವಂತೆಯೇ ಬಂತು. ಎದುರಿನಿಂದ ಮಾವ, “ಉಂಡೆ ಹಾಕಲು ಅಡ್ಡಿ ಇರಬಾರದು” ಎಂದರು. ಊರು ಉಸಿರು ಬಿಗಿಹಿಡಿಯಿತು. ಬಾಯಿಗಳು ಒಂದೊಂದಾಗಿ ಮುಚ್ಚಿದವು. ನೀರಿನ ಕೆಳಗೆ ನೆರಳುಗಳು ತಿರುಗಿದವು. ವಾಲಿಕೊಂಡವೂ ಹೇಗೋ ಸರಿಮಾಡಿಕೊಂಡು ಹೊರಟವು. ಎಲ್ಲವೂ ಪೂರ್ವಕ್ಕೆ ಹೋಗಿ, ಹೊಸ ನೀರು ಬೀಳುವಲ್ಲಿ, ಗಿಡ್ಡವು ಮುಂದೆ ಉದ್ದವು ಹಿಂದೆ, ಮಾವನ ಮುಂದೆ ಸಾಲು ಕಟ್ಟಿದವು. ನನ್ನ ಅಂಗೈಗಳ ಮೇಲೆ ಒಂದು ಒಣಗಿದ ಎಲೆ ತೇಲಿ ಬಂದು ಕೂತಿತು. ಬಲೆಯಲ್ಲಿ ಎತ್ತಬೇಕಿತ್ತು ಎಂದುಕೊಂಡೆ. ಬಲೆ ಆಗಲೇ ನನ್ನದಾಗಿರಲಿಲ್ಲ.

ಜನ ಹೋ ಎಂದು ಕೂಗಿದರು. ಮಾವ ಸಂತೋಷದಿಂದ ಕೋಟಿನ ಜೇಬಿಗೆ ಕೈ ಹಾಕಿ, ನಿನ್ನೆ ನಾನು ಬೇಡವೆಂದ ಅದೇ ತುಪ್ಪದ ಉಂಡೆಯನ್ನು ತೆಗೆದು, “ತಗೊಳ್ರಪ್ಪ” ಎಂದು ಸಾಲಿನ ಮುಂದೆಯೇ ಬಿಟ್ಟರು. ಉಂಡೆ ಮುಳುಗಿತು. ಒಂದು ಮೀನೂ ಬಾಯಿ ಹಾಕಲಿಲ್ಲ. ಒಂದು ಮರಿ ಮೂತಿ ತಾಕಿಸಿ ನೋಡಿ, ಮುಖ ತಿರುಗಿಸಿ ಮತ್ತೆ ಸಾಲಿಗೆ ಸೇರಿತು. ಮಾವ ಇನ್ನೊಂದು ಹಾಕಿದರು. ಅದೂ ಮುಳುಗಿತು. ಅವರು ಸೊಂಟ ಬಗ್ಗಿಸಿ ಕೆಳಗೆ ನೋಡಿದರು. ಅಷ್ಟು ವರ್ಷ ಮೇಲಿನ ಮೆಟ್ಟಿಲಲ್ಲಿ ಕೂತಿದ್ದವರು ನೀರಿಗೆ ಇಳಿದದ್ದು ಅದೇ ಮೊದಲು. ಮೀನುಗಳ ಕಿವಿರುಗಳು ದಮ್ಮು ಹತ್ತಿದವರ ಪಕ್ಕೆಗಳಂತೆ ಏರಿಳಿಯುತ್ತಿದ್ದವು. ಅವರು ನೀರನ್ನು ಬೊಗಸೆಯಲ್ಲಿ ಎತ್ತಿ ಮೂಸಿದರು. ಮುಖ ಕಿವುಚಿದರು.

“ಗೆದ್ದವರು ಬೇಡಿಕೆ ಹೇಳ್ಬೇಕು” ಎಂದು ಮರಿಬಸಪ್ಪ ಕೂಗಿದ.

ಮಾವ ನೆಟ್ಟಗೆ ನಿಂತರು. ಕೋಟಿನ ಗುಂಡಿಗಳನ್ನು ಹಾಕಿಕೊಂಡರು. “ಮರಿಬಸಪ್ಪ, ಮೊದಲು ಬೇಡಿಕೆ ಹೇಳೋವಾಗ ಒಂದೇ ಮಾತು ಅಂತ ನಿಯಮ. ಗೆದ್ದ ಮೇಲೆ ಹೇಳೋದಕ್ಕೆ ಮಿತಿ ಇದೆಯೋ?”

ಮರಿಬಸಪ್ಪ ತಲೆ ಕೆರೆದುಕೊಂಡ. “ಇಲ್ಲ ಸ್ವಾಮಿ. ಯಾರೂ ಕೇಳಿಲ್ಲ.”

“ಸರಿ” ಎಂದ ಮಾವ ಮೀನುಗಳ ಕಡೆಗೆ ತಿರುಗಿ ಕೈ ಮುಗಿದರು. “ಮಹಾಸ್ವಾಮಿ!” ಎಂದರು. ಆ ದನಿ ಕೇಳಿ ಕೋರ್ಟಿನ ಮಹಡಿಯ ಮೇಲೆ ಹಪ್ಪಳ ಹರವುತ್ತಿದ್ದ ಹೆಂಗಸರೂ ಬಗ್ಗಿ ನೋಡಿದರು. “ತಮ್ಮ ಮುಂದೆ ನಿಂತಿರುವ ಪಾಪಯ್ಯ ಎಂಬ ಈ ಮನುಷ್ಯ ಮೇಲ್ನೋಟಕ್ಕೆ ಸಂಭಾವಿತ. ಕೋಟು ಹಾಕಿದ್ದಾನೆ. ತಾವು ಅವನ ಕಡೆಗೆ ಬಂದಿದ್ದೀರಿ ಎಂದು ಬೀಗುತ್ತಿದ್ದಾನೆ. ಆದರೆ ಮಹಾಸ್ವಾಮಿ, ತಾವು ಬಂದದ್ದು ಅವನಿಗಾಗಿಯೋ, ಅವನ ಪಕ್ಕದಲ್ಲಿ ಬೀಳುತ್ತಿರುವ ನೀರಿಗಾಗಿಯೋ? ಇದನ್ನು ಇತ್ಯರ್ಥ ಮಾಡಲು ಪಾಪಯ್ಯನನ್ನೇ ಪಾಟೀಸವಾಲಿಗೆ ಒಳಪಡಿಸಲು ಅಪ್ಪಣೆಯಾಗಬೇಕು.” ಮೀನುಗಳು ಅಲ್ಲಾಡಲಿಲ್ಲ. “ಅಪ್ಪಣೆ” ಎಂದುಕೊಂಡು ಮಾವ ಬಲಕ್ಕೆ ತಿರುಗಿದರು. “ಪಾಪಯ್ಯನವರೇ, ನೀವು ಇವತ್ತಿಗಿಂತ ಮೊದಲು ಎಂದಾದರೂ ಈ ನೀರನ್ನು ಮೂಸಿದ್ದಿರಾ?” ಎಡಕ್ಕೆ ತಿರುಗಿ, ತಗ್ಗಿದ ದನಿಯಲ್ಲಿ, “ಇಲ್ಲ ಸ್ವಾಮಿ.” ಮತ್ತೆ ಬಲಕ್ಕೆ, “ಜೋರಾಗಿ ಹೇಳಿ!” ಎಡಕ್ಕೆ, “ಇಲ್ಲ ಸ್ವಾಮಿ!” “ನಿಮ್ಮ ಅಕ್ಕನ ಮಗಳು ನಿನ್ನೆ ಸಂಜೆ ನೀರಿಗಿಳಿದು ನೋಡಿ ಎಂದಾಗ ನೀವು ಏನು ಮಾಡುತ್ತಿದ್ದಿರಿ?” “ಕಾಫಿ ಕುಡಿಯುತ್ತಿದ್ದೆ ಸ್ವಾಮಿ.” “ಸಕ್ಕರೆ ಎಷ್ಟು?” “ಅದು ಈ ಕೇಸಿಗೆ ಸಂಬಂಧವಿಲ್ಲ ಸ್ವಾಮಿ.” “ಸರಿ, ಆ ಪ್ರಶ್ನೆ ಹಿಂತೆಗೆದುಕೊಂಡಿದ್ದೇನೆ.”

ಜನ ಮೊದಲು ನಕ್ಕರು, ಆಮೇಲೆ ಮೆಟ್ಟಿಲ ಮೇಲೆ ಕೂತರು, ಬಿಸಿಲೇರಿದ ಮೇಲೆ ಗೊಣಗಿದರು. “ಗೆದ್ದಿದ್ದೀರಲ್ಲ ಲಾಯರ್ರೇ, ಮೇಲೆ ಬನ್ನಿ” ಎಂದು ಯಾರೋ ಕೂಗಿದರೆ, “ಗೆದ್ದ ಪಕ್ಷದ ವಿರುದ್ಧವೇ ನನ್ನ ವಾದ, ತಾಳಿ” ಎಂದು ಗದರಿದರು. ಅವರು ಮುಗಿಸುವವರೆಗೆ ಮರಿಬಸಪ್ಪ ‘ಆಯ್ತು’ ಎನ್ನುವಂತಿಲ್ಲ. ಅವನು ಅನ್ನುವವರೆಗೆ ಮೀನುಗಳು ಕದಲುವಂತಿಲ್ಲ. ಅಷ್ಟೂ ಹೊತ್ತು ಅವು ಧುಮ್ಮಿಕ್ಕುವ ಹೊಸ ನೀರಿನಲ್ಲೇ ನಿಂತಿದ್ದವು. ನಾನು ಪಶ್ಚಿಮದ ತೂಬನ್ನು ಮೆಲ್ಲಗೆ ಸಡಿಲಿಸಿ ತಳದ ಕೊಳಕನ್ನು ಹೊರಗೆ ಬಿಡುತ್ತಾ ಅವುಗಳ ಕಿವಿರನ್ನೇ ನೋಡುತ್ತಿದ್ದೆ. ಏರಿಳಿತ ನಿಧಾನವಾಗುತ್ತಿತ್ತು. ಮಾವನಿಗೆ ಇದು ಗೊತ್ತಿತ್ತೋ, ಅಥವಾ ಅಷ್ಟು ವರ್ಷ ಒಳಗೆ ಕಟ್ಟಿಕೊಂಡಿದ್ದ ಮಾತು ಒಮ್ಮೆಗೇ ಹೊರಬಿತ್ತೋ, ನಾನು ಕೇಳಿಲ್ಲ. ಅವರ ಮುಖ ಮಾತ್ರ ಹೊಸ ಮದುಮಗನ ಮುಖದಂತೆ ಹೊಳೆಯುತ್ತಿತ್ತು.

ಊಟದ ಹೊತ್ತು ಮೀರಿದ ಮೇಲೆ ಅವರು ಕೊನೆಯ ಮಾತಿಗೆ ಬಂದರು. “ಆದ್ದರಿಂದ ಗೆದ್ದ ಪಾಪಯ್ಯನ ಬೇಡಿಕೆ ಏನೆಂದರೆ: ಅವನ ಅಕ್ಕನ ಮಗಳು ಸರಿ ಎನ್ನುವವರೆಗೆ ಈ ಹೊಂಡಕ್ಕೆ ಯಾರೂ ಏನನ್ನೂ ಹಾಕಕೂಡದು. ನೀರನ್ನು ಒಂದೇ ಸಲಕ್ಕೆ ಖಾಲಿ ಮಾಡಕೂಡದು. ಮೆಟ್ಟಿಲಿಗೆ ಸೋಪು ತಾಕಕೂಡದು.”

ಹಸಿದಿದ್ದ ಜನ “ಆಯ್ತು, ಆಯ್ತು” ಎಂದು ಮರಿಬಸಪ್ಪನಿಗಿಂತ ಮೊದಲೇ ಕೂಗಿ ಮನೆಗಳಿಗೆ ಓಡಿದರು. ನೀಲವೇಣಮ್ಮ ಮಾತ್ರ ನಿಂತು, “ಅದೆಲ್ಲ ಸರಿ. ಆದರೆ ಜಲಜಾಕ್ಷಿ ಸೋತಿದ್ದಾಳೆ. ನಿಯಮ ನಿಯಮವೇ” ಎಂದು ಬಲೆಯನ್ನು ತೆಗೆದು ಮಾವನ ಕೈಗೆ ಕೊಟ್ಟರು. ಮಾವ ಅದನ್ನು ತಲೆಕೆಳಗಾಗಿ ಹಿಡಿದುಕೊಂಡು, “ನಂಗೆ ಈಜು ಬರಲ್ವಲ್ಲಮ್ಮ” ಎಂದರು.

ಸಂಜೆ ನಾನು ಒಲೆಯ ಪಕ್ಕ ಮಂಕಾಗಿ ಕೂತಿದ್ದೆ. ಮೀನುಗಳು ಈ ಸಲ ತಪ್ಪಿದವು, ನೀರಿಗಾಗಿ ಹೋದದ್ದನ್ನು ತೀರ್ಪು ಅಂದುಬಿಟ್ಟರು ಎಂದೆ. ಅಮ್ಮ ರೊಟ್ಟಿ ಮಗುಚಿ ಹಾಕಿದಳು. “ತಪ್ಪಿಲ್ಲ ಕಣೇ. ನೀನು ಗೆದ್ದು ‘ಹಾಕಬೇಡಿ’ ಅಂದಿದ್ರೆ ಯಾರು ಕೇಳ್ತಿದ್ರು? ಕಣ್ಣು ತಪ್ಪಿಸಿ ಹಾಕೋರು. ಮಾರೋನೇ ಬೇಡ ಅಂದ, ಮುಗೀತು” ಎಂದಳು. ಅದು ಸರಿಯೋ ತಪ್ಪೋ ನನಗೆ ಇವತ್ತಿಗೂ ತೀರ್ಮಾನಿಸಲು ಆಗಿಲ್ಲ.

ಈಗ ಹೊಂಡ ಮಾವನದು. ನಾನು ಮತ್ತೆ ಗಿರಣಿಗೆ ಹೋಗುತ್ತೇನೆ, ಹೋಗುವ ಮೊದಲು ಮೇಲಿನ ಮೆಟ್ಟಿಲಲ್ಲಿ ಕೂತು ಕೂಗುತ್ತೇನೆ: “ಮಾವ, ತೋಳು ಮೊಣಕೈವರೆಗೆ! ಲೋಳೆ ತಿಕ್ಕಬೇಡಿ! ತೂಬು ಇನ್ನು ಸ್ವಲ್ಪ!” ಅವರು ಕೋಟು ತೊಟ್ಟುಕೊಂಡೇ ನೀರಲ್ಲಿ ನಿಂತು, “ಆಕ್ಷೇಪಣೆ ಇದೆ” ಎನ್ನುತ್ತಲೇ ಹೇಳಿದಂತೆ ಮಾಡುತ್ತಾರೆ. ಜನ ಅವರ ಬಳಿಗೆ ಬಂದು ಈಗಲೂ ತಮ್ಮ ಕೇಸು ಹೇಳುತ್ತಾರೆ. ಉಂಡೆ ಇಲ್ಲದೆಯೂ ಬರುತ್ತಾರೆ ಎಂಬುದು ಅವರಿಗೇ ಆಶ್ಚರ್ಯ.

ಮೊದಲ ಕೆಲವು ವಾರ ಬೆಳಿಗ್ಗೆ ಬಾಯಿಗಳು ಕಡಿಮೆಯಾಗುತ್ತಾ ಬಂದವು. ಒಂದು ದಿನ ಬೆಳಕು ಹರಿಯುವಾಗ ಕಾಫಿಯ ಗಾಡಿಯವನು, ಹೂವಿನವಳು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಎಲ್ಲರೂ ಹೊಂಡದ ಸುತ್ತ ನಿಂತು ಕೆಳಗೆ ನೋಡುತ್ತಿದ್ದರು. ಅಲ್ಲಿ ಏನೂ ಇರಲಿಲ್ಲ. ತಿಳಿ ಹಸಿರು ನೀರು ಸುಮ್ಮನೆ ಮಲಗಿತ್ತು. “ಇವತ್ತೇನೂ ಇಲ್ಲ, ನಡೀರಿ” ಎಂದು ಅವರು ಬೇಸರದಿಂದ ಚದುರಿದರು. ಮಾವ ಗಾಬರಿಯಾಗಿ ಬಲೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು.

“ಜಲಜಾ, ಎಲ್ಲ ಸತ್ತೋದ್ವೇನೇ? ಒಂದೂ ಮೇಲೆ ಬಂದಿಲ್ಲ.”

“ಇಲ್ಲ ಮಾವ. ಕೆಳಗೇ ಉಸಿರಾಡ್ತಿವೆ.”

“ಕಾಣ್ತಾ ಇಲ್ವಲ್ಲೇ.”

“ಅದೇ ಮಾವ ಬೇಕಾಗಿದ್ದು” ಎಂದೆ. ಅವರು ನನ್ನ ಪಕ್ಕ ಕೂತರು. ಏನೂ ಕಾಣದ ಆ ನೀರನ್ನು ನಾವಿಬ್ಬರೂ ಗಿರಣಿಯ ಸೀಟಿ ಊದುವವರೆಗೆ ನೋಡುತ್ತಾ ಕೂತಿದ್ದೆವು.